ಅಳಿವೆಯ ದಡಕ್ಕೊಂದು ಕಟ್ಟಳೆ

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯಲ್ಲಿ ಎರಡು ಬಗೆಯ ಸರಕಾರಿ ಆದೇಶಗಳು ಹೊರಡುತ್ತವೆ. ಒಂದು ಮೀನುಗಾರಿಕೆ ಇಲಾಖೆಯದು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಕೂಡದು. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಇನ್ನೊಂದು ಜಿಲ್ಲಾಡಳಿತದ್ದು. ಹವಾಮಾನ ಇಲಾಖೆ ರೆಡ್ ಅಲರ್ಟ್ ಎಂದ ಕೂಡಲೇ, ಕಡಲತೀರಕ್ಕೂ ಹೊಳೆಬದಿಗೂ ಯಾರೂ ಸುಳಿಯಬಾರದು ಎಂಬ ಪ್ರಕಟಣೆ. ಈ ಎರಡು ಕಾಗದಗಳ ನಡುವೆ ಒಬ್ಬ ಮನುಷ್ಯ ಬಿಟ್ಟುಹೋಗಿದ್ದಾನೆ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಅಳಿವೆಯ ದಡದಲ್ಲಿ ಗಾಳವನ್ನೋ ಬೀಸುಬಲೆಯನ್ನೋ ಹಿಡಿದು ನಿಂತವನು ಅವನು. ಇಲಾಖೆಯ ಲೆಕ್ಕದಲ್ಲಿ ಅವನು ಮೀನುಗಾರನಲ್ಲ, ಏಕೆಂದರೆ ಅವನಿಗೆ ದೋಣಿಯಿಲ್ಲ. ಪೊಲೀಸರ ಕಣ್ಣಿಗೆ ಅವನು ಸೆಲ್ಫಿ ತೆಗೆಯಲು ಬಂದ ಪ್ರವಾಸಿಯ ಸಾಲಿಗೆ ಸೇರಿದವನು. ಒಬ್ಬರು ಅವನನ್ನು ಕಾಣುವುದೇ ಇಲ್ಲ, ಇನ್ನೊಬ್ಬರು ಕಂಡರೆ ಓಡಿಸುತ್ತಾರೆ. ಮಳೆಗಾಲದ ದಡದ ಮೀನುಗಾರಿಕೆಯನ್ನು ಮೀನುಗಾರಿಕೆಯೆಂದೇ ಒಪ್ಪಿಕೊಂಡು, ಜಾಗ, ಹೊತ್ತು ಮತ್ತು ಮೀನಿನ ಅಳತೆ ನೋಡಿ ಅದಕ್ಕೊಂದು ಕಟ್ಟಳೆ ಮಾಡಬೇಕು ಎಂಬುದು ಈ ಲೇಖನದ ವಾದ. ಈಗಿರುವ ಸಾರಾಸಗಟು ಪ್ರಕಟಣೆಯಿಂದ ಜೀವವೂ ಉಳಿಯುತ್ತಿಲ್ಲ, ಮೀನಿನ ಸಂತತಿಯೂ ಉಳಿಯುತ್ತಿಲ್ಲ.

ಇದು ಕೆಲವರ ಹವ್ಯಾಸ, ಇದಕ್ಕೆಲ್ಲ ಕಟ್ಟಳೆ ಏಕೆ ಎಂದು ಕೇಳುವವರು ಜಡಿಮಳೆಯ ಆಟಿ ತಿಂಗಳಲ್ಲಿ ಕರಾವಳಿಯ ಮೀನು ಮಾರುಕಟ್ಟೆಗೆ ಹೋಗಿ ನೋಡಬೇಕು. ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಹಾಕಿರುತ್ತವೆ. ಹೊರರಾಜ್ಯದಿಂದ ಲಾರಿಯಲ್ಲಿ ಬಂದ ಐಸ್ ಮೀನಿಗೆ ಬೇಸಗೆಯಲ್ಲಿ ಯಾರೂ ಕೊಡದ ಬೆಲೆ. ಉಳಿದದ್ದು ಒಣಮೀನು. ನಿಷೇಧದ ಈ ಎರಡು ತಿಂಗಳಲ್ಲಿ ಹೊಳೆಬದಿಯ ಅದೆಷ್ಟೋ ಮನೆಗಳ ಸಾರಿಗೆ ಹಸಿಮೀನು ಬರುವುದು ದಡದಿಂದಲೇ: ಒಂದು ಬೀಸುಬಲೆ, ನಾಲ್ಕು ಗಾಳ, ಏಡಿ ಹಿಡಿಯುವ ಒಂದೆರಡು ಬುಟ್ಟಿ. ಬೋಟಿನಲ್ಲಿ ಕೂಲಿಗೆ ಹೋಗುವವನು ರಜೆಯಲ್ಲಿ ಮಾಡುವ ಕೆಲಸವೂ ಇದೇ. ನಿಷೇಧದ ತಿಂಗಳುಗಳಿಗೆಂದು ಇರುವ ಸರಕಾರದ ಉಳಿತಾಯ-ಪರಿಹಾರ ಯೋಜನೆಯ ಹಣ ಕೈಗೆ ಬರುವವರೆಗೆ ಅಡುಗೆಮನೆ ಕಾಯುವುದಿಲ್ಲವಲ್ಲ. ಆದರೆ ನಮ್ಮಲ್ಲಿ ಮೀನಿನ ಲೆಕ್ಕ ಹಿಡಿಯುವುದು ಬಂದರಿನಲ್ಲಿ, ದೋಣಿ ಬಂದು ನಿಲ್ಲುವ ಇಳಿದಾಣಗಳಲ್ಲಿ. ಚೀಲದಲ್ಲಿ ಹಾಕಿಕೊಂಡು ತೋಟದ ದಾರಿಯಲ್ಲಿ ಮನೆಗೆ ನಡೆದ ಅರ್ಧ ಕಿಲೋ ಕಾಣೆ ಮೀನು ಆ ಲೆಕ್ಕಕ್ಕೆ ಸಿಗುವುದಿಲ್ಲ. ಕಾನೂನೂ ಹಾಗೆಯೇ. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ದೋಣಿಯನ್ನು ಎದುರಿಗಿಟ್ಟುಕೊಂಡು ಬರೆದದ್ದು. ಅದರಲ್ಲಿ ನೋಂದಣಿಯೂ ದೋಣಿಗೆ, ಪರವಾನಗಿಯೂ ದೋಣಿಗೆ. ದೋಣಿಯೇ ಇಲ್ಲದವನ ಮೇಲೆ ಅದಕ್ಕೆ ಹಿಡಿತವಿಲ್ಲ, ಅವನಿಗೆ ಅದರಿಂದ ರಕ್ಷಣೆಯೂ ಇಲ್ಲ.

ಮಳೆಯಲ್ಲೇ ಏಕೆ ದಡಕ್ಕೆ ಹೋಗಬೇಕು, ಮಳೆ ನಿಂತ ಮೇಲೆ ಹೋದರಾಗದೇ ಎಂಬ ಪ್ರಶ್ನೆಗೆ ಉತ್ತರ ಮೀನಿನ ಬದುಕಿನಲ್ಲಿದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಘಟ್ಟದಲ್ಲಿ ಬಿದ್ದ ನೀರು ಒಂದೆರಡು ದಿನದಲ್ಲಿ ಅಳಿವೆಗೆ ಇಳಿಯುತ್ತದೆ, ಏಕೆಂದರೆ ನಮ್ಮ ಪಶ್ಚಿಮವಾಹಿನಿ ನದಿಗಳೆಲ್ಲ ಗಿಡ್ಡ, ಇಳಿಜಾರು ಕಡಿದು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಅಳಿವೆಯ ಮೇಲ್ಪದರದ ನೀರು ಹೆಚ್ಚುಕಡಿಮೆ ಸಿಹಿಯೇ ಆಗಿಬಿಡುತ್ತದೆ. ಉಪ್ಪುನೀರು ಭಾರ, ಹಾಗಾಗಿ ಉಬ್ಬರ ಬಂದಾಗ ಅದು ಸಿಹಿನೀರಿನ ಅಡಿಯಲ್ಲಿ ನುಸುಳಿಕೊಂಡು ಒಳಗೆ ಬರುತ್ತದೆ. ಬೇಸಗೆಯಲ್ಲಿ ಹಿನ್ನೀರಿನ ಉದ್ದಕ್ಕೂ ಹತ್ತಾರು ಮೈಲಿ ಹರಡಿಕೊಂಡಿದ್ದ ಸಿಗಡಿ, ಏಡಿ, ಮರಿಮೀನುಗಳೆಲ್ಲ ಸಪ್ಪೆ ನೀರು ತಳ್ಳಿದ ಹಾಗೆ ಅಳಿವೆಯ ಬಾಗಿಲಿಗೆ ಬಂದು ಸೇರುತ್ತವೆ. ಸಿಗಡಿಯ ಮಟ್ಟಿಗಂತೂ ಇದು ಊರಿಗೆ ಮರಳುವ ಪಯಣ. ಅದು ಮೊಟ್ಟೆಯೊಡೆಯುವುದು ಕಡಲಲ್ಲಿ, ಬೆಳೆಯುವುದು ಹಿನ್ನೀರಲ್ಲಿ, ಮತ್ತೆ ಹಿಂದಿರುಗುವುದು ಕಡಲಿಗೆ. ಸಿಗಡಿ ಬಂದಲ್ಲಿಗೆ ಅದನ್ನು ತಿನ್ನುವ ಮೀನು ಬರುತ್ತದೆ. ಇತ್ತ ಹೊರಗಡಲಿನಲ್ಲೂ ಮುಂಗಾರಿನ ಕಾಲಕ್ಕೆ ಆಳದ ತಣ್ಣೀರು ತೀರದ ಕಡೆಗೆ ಮೇಲೇಳುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ತಳದಲ್ಲಿ ವಾಸಿಸುವ ಮೀನು ಉಸಿರು ಕಟ್ಟಿ ದಡದ ಆಸುಪಾಸಿಗೆ ಸರಿಯುತ್ತದೆ. ಕಡಲು ಒಂದು ಸಲ ಎದ್ದು ತಿರುಗಬೇಕು, ‘ತೂಫಾನ್’ ಆಗಬೇಕು, ಆಮೇಲೆಯೇ ಮೀನು ದಡಕ್ಕೆ ಬರುವುದು ಎಂದು ನಾಡದೋಣಿಯವರು ಕಾದು ಕೂರುವುದು ಸುಮ್ಮನೆ ಅಲ್ಲ. ಮಳೆ ನಿಂತ ಮೇಲೆ ಮೀನು ಇರುತ್ತದೆ, ಆದರೆ ದೂರದಲ್ಲಿರುತ್ತದೆ. ದೋಣಿಯಿಲ್ಲದವನ ಕೈಗೆ ಅದು ಎಟುಕುವ ಕಾಲ ಇದೊಂದೇ.

ಈ ಕೆಲಸ ಮಳೆಯ ಅಬ್ಬರದಲ್ಲಿ ನಡೆಯುವಂಥದ್ದೂ ಅಲ್ಲ ಎಂಬುದನ್ನು ದೂರದಿಂದ ನೋಡುವವರು ಗಮನಿಸಿದಂತಿಲ್ಲ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟ ಎಂಬ ಐದು ಹೊಳೆಗಳ ನೀರು ಒಂದೇ ಬಾಗಿಲಿನಿಂದ ಹೊರಬೀಳುತ್ತದೆ. ಇಳಿತದ ಹೊತ್ತಿನಲ್ಲಿ ಮಳೆ ಸುರಿಯುತ್ತಿದ್ದರೆ ಅಲ್ಲಿ ಯಾವ ಗಾಳವೂ ನಿಲ್ಲುವುದಿಲ್ಲ. ಸೀಸದ ಗುಂಡು ಎಷ್ಟೇ ಭಾರವಿದ್ದರೂ ನೀರು ಎಳೆದುಕೊಂಡು ಹೋಗುತ್ತದೆ, ದಾರಕ್ಕೆ ಕಸ, ಬಾಳೆದಿಂಡು, ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತದೆ. ಬಲ್ಲವನು ಕಾಯುವುದು ನೀರು ತಿರುಗುವ ಹೊತ್ತಿಗೆ. ಇಳಿತ ಮುಗಿದು ಉಬ್ಬರ ಮೊದಲಾಗುವಾಗ ಹೊಳೆಯ ಕೆಂಪು ನೀರೂ ಕಡಲಿನ ಹಸಿರು ನೀರೂ ಒಂದು ಗೆರೆಯಲ್ಲಿ ಮುಖಾಮುಖಿಯಾಗುತ್ತವೆ. ಗೆರೆಯುದ್ದಕ್ಕೂ ನೊರೆ. ಆ ಗೆರೆ ದಡದತ್ತ ಸರಿದಾಗ ಅದರ ಅಡಿಗೆ, ತಳಕ್ಕೆ ತಾಗುವಂತೆ, ಬಾಲದಲ್ಲಿ ಮುಳ್ಳು ಚುಚ್ಚಿದ ಜೀವಂತ ಸಿಗಡಿ ಬಿಟ್ಟರೆ ಕೆಂಬೇರಿಯೋ, ಕಾರವಾರದ ಕೊಂಕಣಿಗರು ಚೊಣಕ್ ಎಂದೂ ಹೋಟೆಲಿನವರು ಸೀಬಾಸ್ ಎಂದೂ ಕರೆಯುವ ಮೀನೋ ಕಚ್ಚಬಹುದು. ಮಾಲ ಕೆಸರಿನ ಪಾಚಿ ಮೇಯುವ ಮೀನು, ಗಾಳಕ್ಕೆ ಬಾಯಿ ಹಾಕುವುದು ಅಪರೂಪ. ಅದಕ್ಕೆ ಬೀಸುಬಲೆಯೇ ಬೇಕು. ಈ ಹೊತ್ತು ಹೆಚ್ಚೆಂದರೆ ಒಂದೆರಡು ಗಂಟೆ, ದಿನಕ್ಕೆ ಎರಡು ಸಲ, ಮತ್ತು ಅದು ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ದಡದವನಿಗೆ ಬೇಕಾದದ್ದು ಇಡೀ ಮಳೆಗಾಲವಲ್ಲ. ಗೊತ್ತಾದ ಜಾಗದಲ್ಲಿ ಗೊತ್ತಾದ ಕೆಲವು ಗಂಟೆಗಳು. ಇಷ್ಟು ಮುಂಚಿತವಾಗಿ ಲೆಕ್ಕ ಹಾಕಿ ಹೇಳಬಹುದಾದ ವಿಷಯಕ್ಕೆ ಕಟ್ಟಳೆ ಮಾಡುವುದು ಕಷ್ಟವೇನಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಜೀವದ ಪ್ರಶ್ನೆ, ಮತ್ತು ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಳೆಗಾಲದ ಕಡಲು ಬಂಡೆಯ ಮೇಲಿಂದ ಜನರನ್ನು ಎಳೆದುಕೊಂಡು ಹೋದ ಸುದ್ದಿ ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಅಪಾಯ ದಡದ ಉದ್ದಕ್ಕೂ ಒಂದೇ ಸಮನಾಗಿ ಹಂಚಿಕೊಂಡಿಲ್ಲ. ಕಡಲಿಗೆ ಮುಖ ಮಾಡಿದ ಬಂಡೆ, ಬ್ರೇಕ್‌ವಾಟರಿನ ತುದಿ, ಕಡಲ್ಕೊರೆತಕ್ಕೆಂದು ಸುರಿದ ಕರಿಕಲ್ಲಿನ ರಾಶಿ ಇವು ಮೂರೂ ಜೂನ್‌ನಿಂದ ಆಗಸ್ಟ್‌ವರೆಗೆ ಮನುಷ್ಯರು ನಿಲ್ಲಬಾರದ ಜಾಗಗಳು. ಅಲ್ಲಿ ಯಾವ ವಿನಾಯಿತಿಯೂ ಬೇಡ. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ. ಕಾಲು ಗಂಟೆಯಿಂದ ತೆರೆ ಮುಟ್ಟದ ಬಂಡೆ ಎಂದರೆ ಮುಂದಿನ ತೆರೆಯೂ ಮುಟ್ಟುವುದಿಲ್ಲ ಎಂದಲ್ಲ. ಪಾಚಿ ಹಿಡಿದ ಕಲ್ಲಿನ ಮೇಲೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಅದರಲ್ಲೂ ಕಲ್ಲಿನ ಸಂದಿಗೆ ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ಕೆಳಗೆ ಇಳಿಯುವ ಗಳಿಗೆ ಎಲ್ಲಕ್ಕಿಂತ ಕೆಟ್ಟದ್ದು. ಇದಕ್ಕೆ ಪರಿಹಾರ ಎಷ್ಟು ಸರಳವೆಂದರೆ, ಸೀಸದ ಗುಂಡನ್ನು ಮುಖ್ಯ ದಾರಕ್ಕಿಂತ ಬಡಕಲು ದಾರದಲ್ಲಿ ಕಟ್ಟಿದರೆ ಎಳೆದಾಗ ಗುಂಡು ಮಾತ್ರ ಕಿತ್ತುಹೋಗುತ್ತದೆ, ಗಾಳ ಕೈಗೆ ಬರುತ್ತದೆ, ಯಾರೂ ಇಳಿಯಬೇಕಾಗುವುದಿಲ್ಲ. ಇಂಥ ಮಾತು ಹೇಳಿಕೊಡುವ ಒಂದು ಫಲಕವೂ ನಮ್ಮ ಕಡಲತೀರದಲ್ಲಿ ಕಾಣುವುದಿಲ್ಲ. ಅಲ್ಲಿರುವುದು ‘ಪ್ರವೇಶ ನಿಷೇಧ’ ಒಂದೇ.

ಅಳಿವೆಯ ಒಳಬದಿಯ ಕಥೆ ಬೇರೆ. ಮರಳುದಿಣ್ಣೆಯ ಮರೆಯಲ್ಲಿರುವ ಹೊಳೆದಂಡೆಗೆ ಕಡಲಿನ ತೆರೆ ನೇರವಾಗಿ ಬಡಿಯುವುದಿಲ್ಲ. ಅಲ್ಲಿನ ಅಪಾಯ ನೆರೆಯದು, ಮತ್ತು ನೆರೆ ಪ್ರತಿ ನದಿಗೂ ಬೇರೆ ಬೇರೆ. ಕಾಳಿ ನದಿಯ ಕೆಳದಂಡೆಯಲ್ಲಿ ನೀರು ಏರುವುದು ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ. ಅದಕ್ಕೆ ಮುನ್ಸೂಚನೆ ಕೊಡಬಹುದು, ಕೊಡುತ್ತಾರೆ ಕೂಡ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ, ಹಾಗಾಗಿ ಶಿರಸಿ-ಸಿದ್ದಾಪುರದ ಕಡೆಯ ಮಳೆಮಾಪಕವೇ ಅಲ್ಲಿನ ಎಚ್ಚರಿಕೆ ಗಂಟೆ. ಗಂಗಾವಳಿ ಇನ್ನೊಂದು ಪಾಠ ಕಲಿಸಿದೆ: 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ನದಿಗೆ ಬಿದ್ದಾಗ, ಎದ್ದ ನೀರು ಆಚೆ ದಡದ ಉಳುವರೆ ಗ್ರಾಮದ ಮನೆಗಳನ್ನೇ ಕೊಚ್ಚಿಕೊಂಡು ಹೋಯಿತು. ಗುಡ್ಡ ಅಗೆದ ಜಾಗದ ಎದುರಿನ ದಂಡೆ ಮಳೆಗಾಲದಲ್ಲಿ ಕ್ಷೇಮವಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಸಿಡಿಲಿನ ವಿಚಾರವೂ ಇದೆ. ಜಡಿಮಳೆಯ ಜುಲೈಗಿಂತ ಮುಂಗಾರಿನ ಮೊದಲಿನ ಮೇ ತಿಂಗಳು, ಹಿಂಗಾರಿನ ಅಕ್ಟೋಬರ್ ಸಂಜೆಗಳಲ್ಲಿ ಗುಡುಗು-ಸಿಡಿಲು ಹೆಚ್ಚು. ಈಗ ಚಾಲ್ತಿಗೆ ಬಂದಿರುವ ಕಾರ್ಬನ್ ರಾಡ್‌ಗಳಲ್ಲಿ ವಿದ್ಯುತ್ ಹರಿಯುತ್ತದೆ, ಬಿದಿರಿನ ಕೋಲಿನ ಹಾಗಲ್ಲ. ಹೀಗೆ ಒಂದೊಂದು ಜಾಗಕ್ಕೆ, ಒಂದೊಂದು ತಿಂಗಳಿಗೆ ಬೇರೆಯಾದ ಅಪಾಯವನ್ನು ಜಿಲ್ಲೆಗೆಲ್ಲ ಒಂದೇ ಪ್ರಕಟಣೆ ಹೊರಡಿಸಿ ತಡೆಯುತ್ತೇವೆ ಎನ್ನುವುದು ಕಡತ ಮುಚ್ಚುವ ಜಾಣತನವೇ ಹೊರತು ರಕ್ಷಣೆಯಲ್ಲ. ಘಟ್ಟದ ಬುಡದಲ್ಲಿ ಸುರಿಯುವ ಮಳೆಗೆ ರೆಡ್ ಅಲರ್ಟ್ ಬಂದರೆ ತೆರೆಯೇ ಇಲ್ಲದ ಹಿನ್ನೀರಿನ ದಂಡೆಯೂ ಮುಚ್ಚಿತು. ಮೇ ತಿಂಗಳ ಮಳೆಯಿಲ್ಲದ ದಿನಗಳಲ್ಲಿ ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಟ ಅಲೆ, ಮಲಯಾಳಿಗಳ ‘ಕಳ್ಳಕಡಲ್’, ಬಿಸಿಲಿನಲ್ಲೇ ದಡ ಹತ್ತಿದಾಗ ಯಾವ ಮಳೆ ಅಲರ್ಟೂ ಕೆಲಸಕ್ಕೆ ಬರಲಿಲ್ಲ.

ಜಾಗಜಾಗಕ್ಕೆ ಬೇರೆ ಎಚ್ಚರಿಕೆ ಕೊಡುವುದು ಕಾಗದದ ಮೇಲೆ ಚೆಂದ, ನಡೆಸುವವರು ಯಾರು ಎಂಬ ಮರುಪ್ರಶ್ನೆ ಇದ್ದೇ ಇದೆ. ಆದರೆ ಅರ್ಧ ಕೆಲಸ ಆಗಲೇ ನಡೆದಿದೆ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ನಮ್ಮ ಕರಾವಳಿಗೆ ಕೊಡುವ ಎತ್ತರದ ಅಲೆಗಳ ಮುನ್ನೆಚ್ಚರಿಕೆಯೇ ಮಾಜಾಳಿಯಿಂದ ಭಟ್ಕಳ, ಬೈಂದೂರಿನಿಂದ ಕಾಪು, ಮೂಲ್ಕಿಯಿಂದ ಮಂಗಳೂರು ಎಂದು ತುಂಡುತುಂಡಾಗಿ, ಅಲೆ ಎಷ್ಟು ಮೀಟರ್, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂಬ ವಿವರದೊಂದಿಗೆ ಬರುತ್ತದೆ. ಉಬ್ಬರ-ಇಳಿತದ ಪಟ್ಟಿ ವರ್ಷದ ಮೊದಲೇ ಸಿದ್ಧವಾಗಿರುತ್ತದೆ. ಈ ಎರಡನ್ನೂ ಅಳಿವೆಯ ಬಾಯಲ್ಲಿ ಒಂದು ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಲು ಹೊಸ ಇಲಾಖೆ ಬೇಕಿಲ್ಲ. ಜನ ಕೇಳುತ್ತಾರೆಯೇ ಎಂದರೆ, ಅರ್ಥವಿರುವ ನಿಷೇಧವನ್ನು ಕರಾವಳಿಯ ಜನ ಯಾವತ್ತೂ ಕೇಳಿದ್ದಾರೆ. ಸರಕಾರ 61 ದಿನ ಎಂದು ಗೊತ್ತುಮಾಡುವುದಕ್ಕೆ ಎಷ್ಟೋ ಮೊದಲೇ, ನೂಲ ಹುಣ್ಣಿಮೆಯಂದು ಹಾಲು-ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಆಗುವವರೆಗೆ ಕಡಲಿಗೆ ಇಳಿಯದ ರೂಢಿ ಇತ್ತು, ಅದನ್ನು ಕಾಯಲು ಪೊಲೀಸರು ಬೇಕಾಗಿರಲಿಲ್ಲ. ಅರ್ಥವಿಲ್ಲದ ನಿಷೇಧಕ್ಕೆ ಜನ ಮಾಡುವುದು ಒಂದೇ: ಹಗಲು ಓಡಿಸಿದ ಜಾಗಕ್ಕೆ ರಾತ್ರಿ ಬರುತ್ತಾರೆ, ಜೀವರಕ್ಷಕರಿರುವ ಬೀಚು ಬಿಟ್ಟು ಯಾರೂ ಇಲ್ಲದ ಕಲ್ಲಿನ ರಾಶಿಗೆ ಹೋಗುತ್ತಾರೆ. ಕ್ಷೇಮವಾದ ದಂಡೆಯನ್ನು ತೆರೆದಿಟ್ಟರೆ ಮಾತ್ರ ಕೆಟ್ಟ ದಂಡೆಯನ್ನು ಮುಚ್ಚಿದ್ದಕ್ಕೆ ಬೆಲೆ.

ಎರಡನೆಯ ಆಕ್ಷೇಪವೇ ಹೆಚ್ಚು ತೂಕದ್ದು. ಮಳೆಗಾಲ ಮೀನು ಮೊಟ್ಟೆಯಿಡುವ ಕಾಲ. ಆ ಕಾರಣಕ್ಕೇ ಬೋಟುಗಳನ್ನು ನಿಲ್ಲಿಸಿರುವಾಗ ದಡದಲ್ಲಿ ಹಿಡಿಯಲು ಬಿಡುವುದು ಯಾವ ನ್ಯಾಯ? ಒಂದು ಗಾಳಕ್ಕೂ ಒಂದು ಟ್ರಾಲ್ ಬಲೆಗೂ ಹೋಲಿಕೆಯೇ ಇಲ್ಲ, ನಿಜ. ಟ್ರಾಲ್ ತಳವನ್ನೇ ಬಾಚುತ್ತದೆ, ಗಾಳ ಒಂದು ಸಲಕ್ಕೆ ಒಂದು ಮೀನನ್ನು ಎತ್ತುತ್ತದೆ. ಆದರೆ ಅಷ್ಟಕ್ಕೆ ಆಕ್ಷೇಪ ಬಿದ್ದುಹೋಗುವುದಿಲ್ಲ, ಏಕೆಂದರೆ ಯಾವ ಮೀನನ್ನು ಎತ್ತುತ್ತೇವೆ ಎಂಬುದೂ ಮುಖ್ಯ. ಚೊಣಕ್‌ನ ಉದಾಹರಣೆ ತೆಗೆದುಕೊಳ್ಳಿ. ಆ ಮೀನು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆಯಿಡಲು ಅದು ಬರುವುದು ಅಳಿವೆಯ ಬಾಯಿಗೆ, ಅದೂ ಮಳೆಗಾಲದಲ್ಲಿ. ಅಂದರೆ ಅಳಿವೆಯಲ್ಲಿ ಸಿಕ್ಕಿದ ಹತ್ತು ಕಿಲೋ ಚೊಣಕ್ ಬಹುಪಾಲು ಹೆಣ್ಣೇ, ಬಹುಪಾಲು ಮೊಟ್ಟೆ ಹೊತ್ತದ್ದೇ. ಮೊಬೈಲಿನಲ್ಲಿ ಹೆಮ್ಮೆಯಿಂದ ಹರಿದಾಡುವ ಫೋಟೊಗಳಲ್ಲಿರುವುದು ಇಂಥ ಮೀನೇ. ಇದೇ ಮೀನು ಆಸ್ಟ್ರೇಲಿಯಾದಲ್ಲಿ ಬ್ಯಾರಮಂಡಿ ಎಂದು ಹೆಸರುವಾಸಿ. ಅಲ್ಲಿನ ಕ್ವೀನ್ಸ್‌ಲ್ಯಾಂಡಿನಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನು ಮಾತ್ರವಲ್ಲ, 120 ಸೆಂಟಿಮೀಟರಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ, ನೀರಿಗೆ ಬಿಡಲೇಬೇಕು. ಚಿಕ್ಕದಕ್ಕೆ ಬೆಳೆಯಲು ಅವಕಾಶ, ದೊಡ್ಡದಕ್ಕೆ ಮೊಟ್ಟೆಯಿಡಲು ಅವಕಾಶ, ನಡುವಿನದು ಮನುಷ್ಯನಿಗೆ. ನಮ್ಮ ನೀರಿಗೆ ಅಳತೆ ಬೇರೆ ಬೇಕಾಗಬಹುದು, ತತ್ವ ಬೇರೆಯಾಗಬೇಕಿಲ್ಲ. ಪಕ್ಕದ ಕೇರಳವೂ 2015ರಲ್ಲಿ 14 ಜಾತಿಗಳಿಗೆ, 2017ರ ಹೊತ್ತಿಗೆ 58 ಜಾತಿಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿತು. ಆದರೆ ಕನಿಷ್ಠದ ಜತೆಗೆ ಗರಿಷ್ಠವೂ ಬೇಕು ಎಂಬ ಯೋಚನೆ ನಮ್ಮ ಕಡೆ ಇನ್ನೂ ಬೇರೂರಿಲ್ಲ.

ಗಾಳದ ಒಂದು ಗುಣ ಇಲ್ಲಿ ಸಹಾಯಕ್ಕೆ ಬರುತ್ತದೆ. ಬಲೆಗೆ ಸಿಕ್ಕಿ ಬೋಟಿನ ಐಸ್ ಪೆಟ್ಟಿಗೆ ಸೇರಿದ ಮರಿಯನ್ನು ಯಾರೂ ಬದುಕಿಸಲಾರರು. ತುಟಿಗೆ ಗಾಳ ಚುಚ್ಚಿದ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಕಿವಿರು ಮುಟ್ಟದೆ, ಮುಳ್ಳು ಬಿಡಿಸಿ ಬಿಟ್ಟರೆ ಅದು ಬದುಕುವ ಸಂಭವ ಚೆನ್ನಾಗಿಯೇ ಇದೆ. ಆದ್ದರಿಂದ ಅಳತೆಯ ಕಟ್ಟಳೆಗೆ ಎಲ್ಲಕ್ಕಿಂತ ಸುಲಭವಾಗಿ ಬಗ್ಗುವ ಮೀನುಗಾರಿಕೆ ಇದೇ. ಬೀಸುಬಲೆಗೆ ಕಣ್ಣಿನ ಅಳತೆ ಗೊತ್ತುಮಾಡಬೇಕು. ಹೊಳೆಗೆ ಅಡ್ಡಲಾಗಿ, ಇಳಿತದ ನೀರಿಗೆ ಬಾಯಿ ತೆರೆದು ರಾತ್ರಿಯಿಡೀ ಕಟ್ಟುವ ಸೊಳ್ಳೆಪರದೆಯಂಥ ಸಣ್ಣಕಣ್ಣಿನ ಬಲೆಗಳಿಗೆ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ಕಡಲಿಗೆ ಮರಳುವ ಸಿಗಡಿ ಮರಿಯನ್ನು ಬಾಗಿಲಲ್ಲೇ ಸೋಸಿ ತೆಗೆಯುವುದು ಅವು. ಮೊಟ್ಟೆಯಿರುವ ಹೆಣ್ಣೇಡಿಯನ್ನು ಬಿಡಬೇಕು, ಎಷ್ಟೇ ಬೆಲೆ ಬರಲಿ. ಒಟ್ಟಿನಲ್ಲಿ ಆಕ್ಷೇಪದ ಅರ್ಧ ಸರಿ: ಮಳೆಗಾಲದ ದಡ ಈಗಿರುವಂತೆ ಹೇಳುವವರು ಕೇಳುವವರಿಲ್ಲದೆ ಇರಬಾರದು. ಆ ಅರ್ಧದಿಂದ ದಡವನ್ನು ಮುಚ್ಚಬೇಕು ಎಂಬ ತೀರ್ಮಾನಕ್ಕೆ ಜಿಗಿಯುವುದು ಮಾತ್ರ ಸರಿಯಲ್ಲ. ಮುಚ್ಚಿದ ದಡದಲ್ಲಿ ಕದ್ದು ಹಿಡಿಯುವವನು ಅಳತೆ ನೋಡುತ್ತಾ ಕೂರುವುದಿಲ್ಲ.

ಹವ್ಯಾಸಿಗಳ ವಿಚಾರ ಚಿಕ್ಕದು, ಆದರೆ ಜಗಳಕ್ಕೆ ಕಾರಣವಾಗುವಂಥದ್ದು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಸಾವಿರಾರು ರೂಪಾಯಿಯ ರಾಡ್, ರೀಲ್ ಹಿಡಿದು ಬರುವವರು ಹೆಚ್ಚುತ್ತಿದ್ದಾರೆ. ಸ್ಥಳೀಯರು ತಲೆಮಾರಿನಿಂದ ನಿಲ್ಲುತ್ತಿದ್ದ ಜಾಗದಲ್ಲಿ ಇವರು ಬಂದು ನಿಂತರೆ ಮನಸ್ತಾಪ ಸಹಜ. ಇದಕ್ಕೆ ಉತ್ತರವೂ ಕಟ್ಟಳೆಯೇ: ಹೊರಗಿನಿಂದ ಬಂದವರಿಗೆ ದಿನದ ಚೀಟಿ, ಹಿಡಿದದ್ದನ್ನು ಮಾರುವಂತಿಲ್ಲ, ಎರಡೋ ಮೂರೋ ಮೀನಿಗೆ ಮಿತಿ. ದಡದ ಗ್ರಾಮ ಪಂಚಾಯಿತಿಗೆ ಆ ಚೀಟಿಯ ಹಣ. ಊರವರಿಗೆ ಚೀಟಿಯೂ ಬೇಡ, ಶುಲ್ಕವೂ ಬೇಡ. ಹವ್ಯಾಸಿಗಳಲ್ಲಿ ಹಲವರು ಹಿಡಿದು ಬಿಡುವ ಪದ್ಧತಿ ಬಲ್ಲವರು, ಅಳತೆಯ ದಾಖಲೆ ಇಡುವವರು. ಬಂದರಿನ ಲೆಕ್ಕಕ್ಕೆ ಸಿಗದ ಅಳಿವೆಯ ಮೀನಿನ ಮಾಹಿತಿಗೆ ಅವರಿಂದ ಉಪಯೋಗವಾಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ ನಿಲ್ಲಲು ದಡವೇ ಇಲ್ಲದಿದ್ದರೆ ಮಾತು ವ್ಯರ್ಥ. ಸುಮಾರು 320 ಕಿಲೋಮೀಟರ್ ಉದ್ದದ ನಮ್ಮ ಕಡಲತೀರದಲ್ಲಿ ಕೊರೆತ ಕಂಡಲ್ಲೆಲ್ಲ ಕಲ್ಲು ಸುರಿಯುವುದು ಹಲವು ವರ್ಷಗಳಿಂದ ಮಳೆಗಾಲದ ವಾರ್ಷಿಕ ವಿಧಿಯಾಗಿದೆ. ತೆರೆಯ ಬಲ ಕಲ್ಲಿಗೆ ಬಡಿದು ಮರಳನ್ನು ಕೆದಕುತ್ತದೆ, ಮರಳು ಪಕ್ಕಕ್ಕೆ ಹೋಗುತ್ತದೆ, ಮುಂದಿನ ವರ್ಷ ಪಕ್ಕದ ಊರಿನಲ್ಲಿ ಕೊರೆತ, ಅಲ್ಲಿಗೂ ಕಲ್ಲು. ಉಳ್ಳಾಲದಲ್ಲಿ, ಮರವಂತೆಯಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಬೇರೆ ಬಗೆಯ ರಚನೆಗಳನ್ನು ಮಾಡಿ ನೋಡಿದ್ದೂ ಆಯಿತು. ಮನೆ ಉಳಿಸಿಕೊಳ್ಳಲು ಕಲ್ಲು ಕೇಳುವವರನ್ನು ದೂರುವಂತಿಲ್ಲ. ಆದರೆ ಇಳಿಜಾರು ಮರಳಿನ ದಂಡೆಯಲ್ಲಿ ನಿಂತು ಬಲೆ ಬೀಸುತ್ತಿದ್ದವನನ್ನು ಜಾರುವ ಕರಿಕಲ್ಲಿನ ಮೇಲೆ ಹತ್ತಿಸಿದ್ದು ನಮ್ಮ ಕಾಮಗಾರಿಯೇ, ಆಮೇಲೆ ಅವನು ಜಾರಿ ಬಿದ್ದರೆ ಅಜಾಗರೂಕತೆ ಎಂದು ಬರೆದುಕೊಳ್ಳುವುದೂ ನಾವೇ. ಅಳಿವೆಯ ಒಳಬದಿಯ ತಡೆಗೋಡೆಗಳಿಗಾದರೂ ನಿರ್ದಿಷ್ಟ ಅಂತರಕ್ಕೊಂದು ಮೆಟ್ಟಿಲು, ಕೈಹಿಡಿ, ಸಮತಟ್ಟಾದ ನಿಲುಗಟ್ಟೆ ಕಟ್ಟಿದರೆ ಕಲ್ಲಿನ ಒಟ್ಟು ವೆಚ್ಚದಲ್ಲಿ ಅದು ಲೆಕ್ಕಕ್ಕೇ ಬರುವಂಥದ್ದಲ್ಲ. ಇನ್ನೊಂದು ಕಡೆ ಹಿನ್ನೀರಿನಂಚಿನ ಗಜನಿ ಗದ್ದೆಗಳ ತೂಬು ಕೆಟ್ಟು, ಕಾಂಡ್ಲಾ ಗಿಡ ಕಡಿದು, ಪಟ್ಟಣದ ಕೊಳಕನ್ನೆಲ್ಲ ಮೊದಲ ಮಳೆಗೆ ಹೊಳೆಗೆ ಬಿಟ್ಟರೆ ದಡಕ್ಕೆ ಬರುವ ಮೀನೇ ಇರುವುದಿಲ್ಲ. ಉಡುಪಿಯ ಇಂದ್ರಾಣಿ ಹೊಳೆ ಮಲ್ಪೆಯ ಕಡೆಗೆ ಏನನ್ನು ಹೊತ್ತು ತರುತ್ತದೆ ಎಂಬುದು ಅಲ್ಲಿನವರಿಗೆ ಮೂಗಿನಿಂದಲೇ ಗೊತ್ತು.

ಎಲ್ಲ ಅಳಿವೆಗಳಲ್ಲೂ ಒಂದೇ ವರ್ಷ ಮಾಡಬೇಕೆಂದೇನೂ ಇಲ್ಲ. ಅಘನಾಶಿನಿ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ; ಜೌಗು ಪ್ರದೇಶವನ್ನು ಜನರ ಬಳಕೆಯ ಸಮೇತ ಉಳಿಸಿಕೊಳ್ಳುವುದೇ ಆ ಒಪ್ಪಂದದ ಆಶಯವಾದ್ದರಿಂದ ಅಲ್ಲಿಂದ ಆರಂಭಿಸಲು ತಕ್ಕ ಕಾರಣವಿದೆ. ಅದರ ಜತೆ ಗಂಗೊಳ್ಳಿ ಮತ್ತು ಶಾಂಭವಿ-ನಂದಿನಿ ಸೇರುವ ಮೂಲ್ಕಿಯ ಅಳಿವೆ, ಜಿಲ್ಲೆಗೊಂದರಂತೆ ಮೂರು ಸಾಕು. ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರು, ಕರಾವಳಿ ಕಾವಲು ಪೊಲೀಸರು, ಪಂಚಾಯಿತಿ ಮತ್ತು ಆ ದಡದಲ್ಲಿ ನಿಜವಾಗಿ ನಿಂತು ಮೀನು ಹಿಡಿಯುವ ನಾಲ್ಕೈದು ಮಂದಿ ಒಟ್ಟಿಗೆ ಹೊಳೆಬದಿ ನಡೆದು, ಯಾವುದು ತೆರೆದ ದಂಡೆ, ಯಾವುದು ಮುಚ್ಚಿದ್ದು ಎಂದು ಗುರುತು ಹಾಕಬೇಕು. ಈ ಕೆಲಸ ಮೇ ತಿಂಗಳಲ್ಲೇ ಆಗಬೇಕು, ನೀರು ತಿಳಿಯಾಗಿದ್ದು ತಳ ಕಾಣುವಾಗ, ಕಲ್ಲು ಎಲ್ಲಿದೆ, ಗುಂಡಿ ಎಲ್ಲಿದೆ ಎಂದು ತೋರಿಸಬಲ್ಲ ಹಿರಿಯರು ಜತೆಗಿರುವಾಗ. ಮರಳು ತೆಗೆದ ಗುಂಡಿಗಳ ಪಕ್ಕದ ದಂಡೆಯನ್ನು ಮೊದಲು ಮುಚ್ಚಿದವುಗಳ ಪಟ್ಟಿಗೆ ಹಾಕಬೇಕು, ಏಕೆಂದರೆ ಮೃಗಶಿರಾ ಮಳೆಯ ಕೆಂಪು ನೀರು ಬಂದ ಮೇಲೆ ಅವು ಯಾರ ಕಣ್ಣಿಗೂ ಕಾಣುವುದಿಲ್ಲ.